ಅಂಕಿತವಿಲ್ಲದ ದೇವರ ಪಟಗಳು

ದೇವರ ರೂಪವು ಯಾರೊಬ್ಬರ ಸ್ವತ್ತೂ ಅಲ್ಲವೆಂಬ ಮಾತು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ರೂಪದ ಮಟ್ಟಿಗೆ ಇದು ನಿಜವೇ ಸರಿ. ಆದರೆ ಆ ರೂಪವನ್ನು ಕಲ್ಲಿನಲ್ಲಿಯೋ ಬಣ್ಣದಲ್ಲಿಯೋ ಮೂಡಿಸಿಕೊಟ್ಟವನ ಹೆಸರನ್ನು ಹೇಳಬೇಕಾದುದಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆಯೆ? ಬೆಳಗಾವಿ ಸೀಮೆಯ ಹಳೆಯ ಗುಡಿಗಳು ಈ ಪ್ರಶ್ನೆಗೆ ಬೇರೆಯೇ ಉತ್ತರವನ್ನು ಕೊಡುತ್ತವೆ.

ಖಾನಾಪುರ ತಾಲ್ಲೂಕಿನ ಹಲಸಿಯು ಪೂರ್ವದಲ್ಲಿ ಪಲಾಶಿಕೆಯೆಂದು ಹೆಸರಾದ ಕದಂಬರ ರಾಜಧಾನಿ. ಅಲ್ಲಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಒಂದಕ್ಕೊಂದು ಎದುರಾಗಿವೆ. ವರಾಹಮೂರ್ತಿಯನ್ನು ಗೋವೆಯ ಕದಂಬರ ಮೂರನೆಯ ವಿಜಯಾದಿತ್ಯನು 1186-87ರಲ್ಲಿ ಪ್ರತಿಷ್ಠಿಸಿದನೆಂದು ನಾವು ಬಲ್ಲೆವು. ಬೆಳಗಾವಿಯ ಕೋಟೆಯೊಳಗಣ ಕಮಲ ಬಸದಿಯು 1204ರಲ್ಲಿ ರಟ್ಟರ ಮಂತ್ರಿ ಬೀಚಿರಾಜನು ಕಟ್ಟಿಸಿದುದು. ಕಿತ್ತೂರಿನ ಸಮೀಪದ ದೇಗಾಂವದ ಕಮಲನಾರಾಯಣ ಗುಡಿಯಲ್ಲಿಯಾದರೋ, ಕಟ್ಟಿಸಿದ ರಾಣಿ ಕಮಲಾದೇವಿಯ ಹೆಸರಿನೊಡನೆ ಕಟ್ಟಿದ ತಿಪ್ಪೋಜನ ಹೆಸರೂ ಉಳಿದಿದೆ. ಹೆಸರಿಲ್ಲದ ಶಿಲ್ಪಗಳು ನಾಡಿನಲ್ಲಿ ಅಸಂಖ್ಯವಾಗಿವೆ, ನಿಜ. ಆದರೆ ಹೆಸರನ್ನು ಕೆತ್ತುವುದರಿಂದ ಭಕ್ತಿಗೆ ಕುಂದು ಬಂದೀತೆಂದು ನಮ್ಮ ಹಿರಿಯರು ಭಾವಿಸಿದವರಲ್ಲ.

ಮುದ್ರಣಯಂತ್ರವು ಬಂದ ಬಳಿಕ ಈ ಕ್ರಮವು ಕೆಟ್ಟಿತು. ರಾಜಾ ರವಿವರ್ಮರು (1848-1906) ತಮ್ಮ ಎಣ್ಣೆಬಣ್ಣದ ಚಿತ್ರಗಳು ಅರಮನೆಗಳಲ್ಲಿಯೇ ನಿಲ್ಲದೆ ಸಾಮಾನ್ಯರ ಮನೆಯನ್ನೂ ಸೇರಲೆಂದು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವೊಂದನ್ನು ತೆರೆದರು. ಮುಂದೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಗಿ, ಅನಂತರ ಜರ್ಮನ್ ತಂತ್ರಜ್ಞನಾದ ಫ್ರಿಟ್ಜ್ ಶ್ಲೈಶರನ ವಶವಾಯಿತು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲನ್ನು ಸಿದ್ಧಪಡಿಸಿ, ಬಣ್ಣದ ಮೇಲೆ ಬಣ್ಣವನ್ನು ಒತ್ತಿ ತೆಗೆಯುವುದು ಅಲ್ಲಿಯ ವಿಧಾನ. ಪಟದ ಕೆಳಗಿನ ಅಂಚಿನಲ್ಲಿ ಮುದ್ರಣಾಲಯದ ಹೆಸರಿರುತ್ತಿತ್ತು. ಪುಣೆಯಿಂದ ಬೆಳಗಾವಿ, ಖಾನಾಪುರಗಳ ಮೇಲೆ ಹಾದು ಲೋಂಡಾಕ್ಕೆ ಬರುವ ರೈಲುದಾರಿಯು ಅಷ್ಟು ಹೊತ್ತಿಗೆ ಸಿದ್ಧವಾಗಿದ್ದುದರಿಂದ ಮುಂಬಯಿ ಸೀಮೆಯ ಅಚ್ಚಿನ ಪಟಗಳು ಕನ್ನಡ ನಾಡಿಗೆ ಬರುವುದು ಸುಲಭವಾಯಿತು.

ನಕಲುಗಳು ಹಿಂದೆಯೇ ಹೊರಟುವು. ಅದೇ ಲಕ್ಷ್ಮಿ, ಅದೇ ಸರಸ್ವತಿ ಪರದೇಶದ ಬೆಂಕಿಪೆಟ್ಟಿಗೆಗಳ ಮೇಲೆಯೂ ಬಟ್ಟೆಯ ಥಾನುಗಳ ಚೀಟಿಯ ಮೇಲೆಯೂ ಕಾಣಿಸಿಕೊಂಡರು. ವ್ರತಕಥೆ, ಸ್ತೋತ್ರಮಾಲೆ, ಪಂಚಾಂಗಗಳ ಮುಖಪುಟವನ್ನೂ ಏರಿದರು. ಚೌಕಟ್ಟು ಹಾಕುವಾಗ ಅಂಚನ್ನು ಕತ್ತರಿಸಿದರೆ ಹೆಸರು ಹೋಯಿತು. ಆ ಪಟವನ್ನು ನೋಡಿ ಮತ್ತೊಬ್ಬನು ಅಚ್ಚುಹಾಕಿದರೆ ಹೆಸರಿನ ನೆನಪೂ ಹೋಯಿತು.

ಆದರೂ ಕಣ್ಣಿಟ್ಟು ನೋಡುವವರಿಗೆ ನಕಲಿನ ಗುರುತು ಸಿಕ್ಕುವುದುಂಟು. ಪಟವನ್ನು ಕಂಡಂತೆಯೇ ಕಲ್ಲಿನ ಮೇಲೆ ಬರೆದರೆ ಅಚ್ಚಿನಲ್ಲಿ ಎಡಬಲಗಳು ಅದಲುಬದಲಾಗಿ, ಬಲಗೈಯ ಆಯುಧವು ಎಡಗೈಗೆ ಹೋಗುತ್ತದೆ. ಚುಕ್ಕಿಗಳಿಂದ ಕೂಡಿದ ಬ್ಲಾಕಿನಿಂದ ಅಚ್ಚಾದ ಪಟವನ್ನು ಹಿಡಿದು ಇನ್ನೊಂದು ಬ್ಲಾಕನ್ನು ಮಾಡಿದರೆ, ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಅಲೆಯಂತಹ ಮಸುಕು ಮೂಡುತ್ತದೆ.

ಇದರಿಂದ ಆದ ಹಾನಿಯೇನೆಂದು ಶ್ರೋತೃಗಳು ಕೇಳಬಹುದು. ಚಿತ್ರಕಾರನಿಗೆ ಸಲ್ಲಬೇಕಾದ ಮನ್ನಣೆ ತಪ್ಪಿತೆಂಬುದು ಒಂದು. ಚರಿತ್ರೆಗೆ ಒದಗಿದ ಕೇಡು ಇನ್ನೊಂದು. ರವಿವರ್ಮರು ತಮ್ಮ ಕಾಲದ ಸೀರೆಯನ್ನು ಉಡಿಸಿ ಬರೆದ ದೇವಿಯನ್ನು ಜನರು ಅನಾದಿಯಿಂದ ಬಂದ ರೂಪವೆಂದು ತಿಳಿಯುತ್ತಾರೆ. ಎಂಟುನೂರು ವರ್ಷಗಳ ಹಿಂದಿನ ಹಲಸಿಯ ವರಾಹನಿಗೆ ಇಸವಿಯನ್ನು ಹೇಳಬಲ್ಲ ನಾವು, ನಮ್ಮ ಮನೆಯ ಗೋಡೆಯ ಮೇಲಣ ಪಟವು ಯಾರದು, ಎಂದಿನದು ಎಂಬುದನ್ನು ಹೇಳಲಾರೆವು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಬೆಳಗಾವಿಯಲ್ಲಿಯೇ ಇದೆ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಅಲ್ಲಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಶತಮಾನಗಳ ಕಾಲ ತಾಳೆಗರಿಗಳಲ್ಲಿ ಚದರಿಹೋಗಿದ್ದ ವಚನಗಳಲ್ಲಿ ಯಾವುದು ಯಾರದೆಂಬುದನ್ನು ತಿಳಿಸಿದುದು ಅವುಗಳ ಅಂಕಿತ. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ. ಶರಣರು ಇಟ್ಟುಕೊಂಡುದು ದೇವರ ಹೆಸರನ್ನೇ. ಆದರೂ ಹೇಳಿದವರು ಯಾರೆಂಬುದು ಮರೆಯಾಗಲಿಲ್ಲ. ಪಟಕ್ಕೆ ಇಂತಹ ಅಂಕಿತವಿಲ್ಲ. ಇದ್ದುದೆಲ್ಲ ಕತ್ತರಿಗೆ ಸುಲಭವಾಗಿ ಸಿಕ್ಕುವ ಆ ಅಂಚೊಂದೇ.

ಕಾಯಿದೆಯು ಈ ವಿಷಯದಲ್ಲಿ ಸುಮ್ಮನಿಲ್ಲ. 1957ರ ಭಾರತದ ಕೃತಿಸ್ವಾಮ್ಯ ಕಾಯಿದೆಯು, ಕೃತಿಯು ತನ್ನದೆಂದು ಸಾರುವ ಹಕ್ಕನ್ನು ಕರ್ತೃವಿಗೆ ಪ್ರತ್ಯೇಕವಾಗಿ ಕೊಟ್ಟಿತು. ರವಿವರ್ಮರ ಚಿತ್ರಗಳ ಮೇಲಿನ ಸ್ವಾಮ್ಯದ ಅವಧಿಯಂತೂ ಮುಗಿದುಹೋಗಿದೆ. ಅವುಗಳನ್ನು ಈಗ ಯಾರು ಬೇಕಾದರೂ ಅಚ್ಚುಹಾಕಬಹುದು. ಹಣದ ಋಣವು ತೀರಿತು. ಹೆಸರಿನ ಋಣವು ತೀರಲಿಲ್ಲ. ಅದನ್ನು ತೀರಿಸುವುದಕ್ಕೆ ಧರ್ಮಗ್ರಂಥಗಳ ಪ್ರಕಾಶಕರು ಮಾಡಬೇಕಾದುದು ಬಹಳವೇನೂ ಇಲ್ಲ. ಚಿತ್ರವು ಯಾರದು, ಎಲ್ಲಿಂದ ತಂದುದು ಎಂದು ಪಟದ ಕೆಳಗೆ ಒಂದು ಸಾಲನ್ನು ಅಚ್ಚುಮಾಡಿದರೆ ಸಾಕು. ತಿಪ್ಪೋಜನಿಗೆ ಕಲ್ಲಿನಲ್ಲಿ ಸಿಕ್ಕಿದಷ್ಟು ಸ್ಥಳವು ಚಿತ್ರಕಾರನಿಗೆ ಕಾಗದದಲ್ಲಿಯೂ ಸಿಕ್ಕಲಿ.