ಗೋಡೆ ಸವರಿ ಮಾಡಿದ ತಯಮ್ಮುಮ್

ನಮ್ಮ ಊರುಗಳಲ್ಲಿ ದಿನಕ್ಕೆ ಐದು ಬಾರಿ ಅಝಾನ್ ಮೊಳಗುತ್ತದೆ. ಅದನ್ನು ಕೇಳಿಯೂ ವ್ಯಾಪಾರದ ನೆಪದಲ್ಲೋ ನಿದ್ದೆಯ ನೆಪದಲ್ಲೋ ನಮಾಝನ್ನು ಮುಂದೂಡುವ ನಾವು ಸ್ಪೇನಿನ ಕೊನೆಯ ಮುಸ್ಲಿಮರ ಚರಿತ್ರೆಯನ್ನು ಒಮ್ಮೆ ಓದಬೇಕು.

1492ರ ಜನವರಿಯಲ್ಲಿ ಗ್ರಾನಡಾ ಕ್ರೈಸ್ತ ದೊರೆಗಳ ಕೈಸೇರಿತು. ಮುಸ್ಲಿಮರ ಧರ್ಮಕ್ಕೂ ಮಸೀದಿಗಳಿಗೂ ಧಕ್ಕೆಯಾಗದೆಂದು ಒಪ್ಪಂದದಲ್ಲಿ ಬರೆದುಕೊಡಲಾಗಿತ್ತು. ಆ ಮಾತು ಹತ್ತು ವರ್ಷವೂ ಬಾಳಲಿಲ್ಲ. 1499ರಲ್ಲಿ ಬಲವಂತದ ಮತಾಂತರ ಆರಂಭವಾಯಿತು. ದೇಶ ತೊರೆಯಲು ಹಣವೂ ದಾರಿಯೂ ಇಲ್ಲದ ಸಾವಿರಾರು ಕುಟುಂಬಗಳು ಹೊರಗೆ ಕ್ರೈಸ್ತರಾಗಿ, ಮನೆಯೊಳಗೆ ಮುಸ್ಲಿಮರಾಗಿ ಬಾಳತೊಡಗಿದವು.

ಆ ನೆಲವನ್ನು ತೊರೆಯುವುದು ಕಡ್ಡಾಯವೆಂದು ಫೆಝ್ ನಗರದ ಮಹಾವಿದ್ವಾಂಸರಾದ ಅಲ್ ವನ್‌ಶರೀಸೀ(ರ) ಅದಾಗಲೇ ಬರೆದಿದ್ದರು. ಅವರ ನಿಲುವಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಹೋಗಲಾರದವರ ಗತಿಯೇನು? 1504ರಲ್ಲಿ, ಒರಾನಿನ ಮುಫ್ತಿಯೆಂದು ಪ್ರಸಿದ್ಧರಾದ ಅಹ್ಮದ್ ಇಬ್ನ್ ಅಬೀ ಜುಮ್ಅ(ರ) ಅವರಿಗೊಂದು ಪತ್ರ ಬರೆದರು. ಅದರಲ್ಲಿ ಬೈಗುಳವಿಲ್ಲ, ದಾರಿಯಿದೆ. ನಮಾಝನ್ನು ಸನ್ನೆಯಿಂದಾದರೂ ಮಾಡಿರಿ. ಹಗಲಿನಲ್ಲಿ ತಡೆದರೆ ಹಗಲಿನದನ್ನು ರಾತ್ರಿ ಪೂರೈಸಿರಿ. ಶುದ್ಧಿಗೆ ಸಮುದ್ರದಲ್ಲಿ ಮುಳುಗೆದ್ದರೂ ಸಾಕು. ಅದಕ್ಕೂ ಅವಕಾಶವಿಲ್ಲದಿದ್ದರೆ ಗೋಡೆಯನ್ನು ಕೈಯಿಂದ ಸವರಿ ತಯಮ್ಮುಮ್ ಮಾಡಿರಿ. ಝಕಾತನ್ನು ಬಡವನಿಗೆ ಉಡುಗೊರೆಯೆಂಬಂತೆ ಕೊಡಿರಿ. ವಿಗ್ರಹದ ಮುಂದೆ ಬಲವಂತವಾಗಿ ಬಾಗಿಸಿದರೆ ನಿಮ್ಮ ನಿಯ್ಯತ್ತು ಅಲ್ಲಾಹನಿಗಿರಲಿ. ಪತ್ರದ ತಾತ್ಪರ್ಯವಿದು. ಅರ್ಧ ಶತಮಾನ ಕಳೆದ ಮೇಲೂ ಜನರು ಅದರ ಪ್ರತಿ ಮಾಡಿಕೊಳ್ಳುತ್ತಿದ್ದರು.

1567ರಲ್ಲಿ ಅರಬಿ ಭಾಷೆಯೂ ಸ್ನಾನಗೃಹಗಳೂ ನಿಷೇಧಕ್ಕೊಳಗಾದವು. ಒಳಗೆ ನಮಾಝ್ ನಡೆಯದಿರಲೆಂದು ಶುಕ್ರವಾರ ಮನೆಬಾಗಿಲು ತೆರೆದೇ ಇಡಬೇಕೆಂದು ಆಜ್ಞೆಯಾಯಿತು.

ಇಂತಹ ಮನೆಯೊಂದರಲ್ಲಿ ಬೆಳೆದವರು ಮುಹಮ್ಮದ್ ಇಬ್ನ್ ಅಬ್ದಿರ್ರಫೀಅ್(ರ). ಮುಂದೆ ಟ್ಯೂನಿಸ್ ಸೇರಿ ತಮ್ಮ ಬಾಲ್ಯವನ್ನು ಬರೆದಿಟ್ಟರು. ಹಗಲಲ್ಲಿ ಕ್ರೈಸ್ತರ ಶಾಲೆ. ಮನೆಗೆ ಮರಳಿದ ಮೇಲೆ ತಂದೆ ಅಕ್ರೋಟು ಮರದ ಹಲಗೆಯ ಮೇಲೆ ಅರಬಿ ಅಕ್ಷರಗಳನ್ನು ಬರೆದು ಕಲಿಸುತ್ತಿದ್ದರು. ತಾಯಿಗೂ ಹೇಳಬಾರದೆಂದು ಕಟ್ಟಪ್ಪಣೆ. ಅನಂತರ ಮಗುವನ್ನು ಪರೀಕ್ಷಿಸಲು ತಾಯಿಯನ್ನೇ ಕಳುಹಿಸುತ್ತಿದ್ದರು. ತಂದೆ ಏನು ಕಲಿಸುತ್ತಾರೆಂದು ಆಕೆ ಕೇಳುವರು. ಏನೂ ಇಲ್ಲವೆಂದು ಮಗು ಹೇಳುವುದು. ನನಗೆ ಗೊತ್ತಿದೆ, ಹೆದರಬೇಡವೆಂದು ಪುಸಲಾಯಿಸಿದರೂ ಅದೇ ಉತ್ತರ. ಆ ಪುಟ್ಟ ಬಾಯಿ ಒಮ್ಮೆ ತಪ್ಪಿದ್ದರೆ ಇಡೀ ಮನೆಯೇ ಧರ್ಮವಿಚಾರಣೆಯ ನ್ಯಾಯಾಲಯದ ಪಾಲಾಗುತ್ತಿತ್ತು.

1609ರಿಂದ 1614ರವರೆಗೆ ಸುಮಾರು ಮೂರು ಲಕ್ಷ ಜನರನ್ನು ಹಡಗು ಹತ್ತಿಸಿ, ಗಡಿ ದಾಟಿಸಿ ಹೊರಹಾಕಲಾಯಿತು. 1884ರಲ್ಲಿ ಅರಾಗೊನ್ ಪ್ರಾಂತದ ಅಲ್ಮೊನಾಸಿದ್ ಎಂಬ ಹಳ್ಳಿಯಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಸುಳ್ಳು ನೆಲಗಟ್ಟಿನ ಅಡಿಯಲ್ಲಿ ಹಸ್ತಪ್ರತಿಗಳ ರಾಶಿ ದೊರೆಯಿತು. ಅವುಗಳಲ್ಲಿ ಹಲವು ಸ್ಪ್ಯಾನಿಷ್ ಭಾಷೆಯಲ್ಲಿ, ಆದರೆ ಅರಬಿ ಲಿಪಿಯಲ್ಲಿದ್ದವು. ಅರಬಿ ಮಲಯಾಳ ಓದಿ ಬೆಳೆದ ನಮ್ಮ ಕರಾವಳಿಯ ಹಿರಿಯರಿಗೆ ಈ ಪದ್ಧತಿ ಹೊಸದೇನಲ್ಲ. ಅರಬಿ ಭಾಷೆ ಮರೆತುಹೋದ ಮೇಲೂ ಅಕ್ಷರಗಳನ್ನು ಉಳಿಸಿಕೊಂಡವರು, ಹೊರಡುವ ಮುನ್ನ ತಮ್ಮ ಗ್ರಂಥಗಳನ್ನು ಸುಡದೆ ನೆಲದಡಿ ಜೋಡಿಸಿಟ್ಟು ಹೋಗಿದ್ದರು.