ಕೊಲ್ಲಿ ಅರಬ್ ರಾಷ್ಟ್ರಗಳ ವ್ಯವಹಾರ ಸಂಸ್ಕೃತಿ

ಕೊಲ್ಲಿ ಅರಬ್ ರಾಷ್ಟ್ರಗಳ ವ್ಯವಹಾರ ಸಂಸ್ಕೃತಿ ಎಂದರೆ ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ (ಯು.ಎ.ಇ.), ಕುವೈತ್, ಕತಾರ್, ಬಹ್ರೇನ್ ಮತ್ತು ಒಮಾನ್ ದೇಶಗಳ ವರ್ತಕರು, ಕಂಪನಿಗಳು ಹಾಗೂ ಸರ್ಕಾರಿ ಸಂಸ್ಥೆಗಳು ಪರಸ್ಪರರೊಡನೆ ಮತ್ತು ಹೊರದೇಶದ ಪಾಲುದಾರರೊಡನೆ ವ್ಯವಹರಿಸುವಾಗ ಪಾಲಿಸುವ ಮೌಲ್ಯ ಮತ್ತು ನಡವಳಿಕೆಗಳ ಒಟ್ಟು ರೂಪ. ಈ ಆರು ದೇಶಗಳು 1981ರಲ್ಲಿ ಸ್ಥಾಪನೆಯಾದ ಕೊಲ್ಲಿ ಸಹಕಾರ ಮಂಡಳಿಯ ಸದಸ್ಯರಾಗಿವೆ. ವ್ಯಕ್ತಿಯ ಪರಿಚಯ ಮೊದಲು, ಕರಾರು ನಂತರ ಎಂಬ ಕ್ರಮ ಇಲ್ಲಿನ ವ್ಯವಹಾರದ ಮುಖ್ಯ ಲಕ್ಷಣ. ಆದರೆ ಸ್ನೇಹವಿದ್ದರೆ ಕಾಗದಪತ್ರ ಬೇಕಿಲ್ಲ ಎಂದು ಇದನ್ನು ಅರ್ಥೈಸುವುದು ತಪ್ಪು. ಹೊರಗಿನವರು ನಷ್ಟ ಅನುಭವಿಸುವುದು ಹೆಚ್ಚಾಗಿ ಈ ಎರಡರಲ್ಲಿ ಒಂದನ್ನು ಮಾತ್ರ ಗಮನಿಸಿದಾಗ.

ಅರಬ್ ಲೀಗ್‌ನಲ್ಲಿ 22 ಸದಸ್ಯ ರಾಷ್ಟ್ರಗಳಿವೆ. ಅರಬ್ಬರೆಲ್ಲ ಮುಸ್ಲಿಮರಲ್ಲ, ಮುಸ್ಲಿಮರೆಲ್ಲ ಅರಬ್ಬರೂ ಅಲ್ಲ. ಬೈರೂತ್, ಕೈರೋ ಅಥವಾ ಕಾಸಾಬ್ಲಾಂಕಾದ ವ್ಯಾಪಾರ ಪದ್ಧತಿಗಳು ಕೊಲ್ಲಿಯ ಪದ್ಧತಿಗಿಂತ ಹಲವು ರೀತಿಯಲ್ಲಿ ಭಿನ್ನವಾಗಿರುವುದರಿಂದ ಈ ಲೇಖನದ ವಿವರಗಳನ್ನು ಅವುಗಳಿಗೆ ಹಾಗೆಯೇ ಅನ್ವಯಿಸಲಾಗದು.

ಹಿನ್ನೆಲೆ

ತೈಲ ದೊರೆಯುವ ಮೊದಲು ಕೊಲ್ಲಿಯ ಕರಾವಳಿ ಪಟ್ಟಣಗಳು ಮುತ್ತು, ಖರ್ಜೂರ ಮತ್ತು ಹಡಗು ವ್ಯಾಪಾರವನ್ನು ನಂಬಿಕೊಂಡಿದ್ದವು. ಸುತ್ತ ನೆರೆದವರಿಗೆ ಬೆಲೆ ತಿಳಿಯದಂತೆ ಮುತ್ತಿನ ವ್ಯಾಪಾರಿಗಳು ಬಟ್ಟೆಯ ಮರೆಯಲ್ಲಿ ಬೆರಳು ಮುಟ್ಟಿ ಚೌಕಾಸಿ ಮಾಡುತ್ತಿದ್ದರು. ಸಾಲ ಕೊಟ್ಟ ವರ್ತಕ, ಹಡಗಿನ ನಾಯಕ ಮತ್ತು ಮುಳುಗುಗಾರರ ನಡುವಿನ ಲೆಕ್ಕ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತಿತ್ತು. ಬ್ಯಾಂಕುಗಳಿಲ್ಲದ ಆ ಕಾಲದಲ್ಲಿ ಮನೆತನದ ಹೆಸರೇ ಜಾಮೀನಾಗಿತ್ತು. ಇಸ್ಲಾಂ ಧರ್ಮದಲ್ಲಿಯೂ ವ್ಯಾಪಾರಕ್ಕೆ ಗೌರವದ ಸ್ಥಾನವಿದೆ. ಪ್ರವಾದಿ ಮುಹಮ್ಮದರು ವರ್ತಕರಾಗಿದ್ದು ‘ಅಲ್-ಅಮೀನ್’ (ನಂಬಿಕಸ್ಥ) ಎಂದು ಕರೆಯಲ್ಪಡುತ್ತಿದ್ದರು. ಅವರ ಮೊದಲ ಪತ್ನಿ ಖದೀಜಾ ಸ್ವತಃ ವ್ಯಾಪಾರ ನಡೆಸುತ್ತಿದ್ದರು.

ಕರ್ನಾಟಕದ ಕರಾವಳಿಗೂ ಅರಬ್ಬಿ ಸಮುದ್ರದ ಈ ವ್ಯಾಪಾರ ಜಾಲಕ್ಕೂ ಹಳೆಯ ಸಂಬಂಧವಿದೆ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ, ಟ್ಯುನೀಶಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಏಡನ್‌ನ ವರ್ತಕರೊಡನೆ ಹೀಬ್ರೂ ಲಿಪಿಯ ಅರಬ್ಬಿಯಲ್ಲಿ ನಡೆಸಿದ ಪತ್ರವ್ಯವಹಾರವು ಕೈರೋದ ಗೆನಿಜಾ ಸಂಗ್ರಹದಲ್ಲಿ ಉಳಿದುಬಂದಿದೆ. ಸರಕಿನ ಲೆಕ್ಕದ ಜೊತೆಗೆ ಕುಶಲೋಪರಿ ಮತ್ತು ಉಡುಗೊರೆಗಳ ವಿವರವೂ ಆ ಪತ್ರಗಳಲ್ಲಿದೆ. ವಿಜಯನಗರ ಕಾಲದಲ್ಲಿ ಅರಬ್ಬಿ ಕುದುರೆಗಳು ಭಟ್ಕಳದಂಥ ಬಂದರುಗಳ ಮೂಲಕ ಒಳನಾಡಿಗೆ ಬರುತ್ತಿದ್ದವು. ಟಿಪ್ಪು ಸುಲ್ತಾನನು ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನು ಹೊಂದಿದ್ದನು. 20ನೇ ಶತಮಾನದ ಮಧ್ಯದವರೆಗೂ ಕೊಲ್ಲಿಯ ಹಲವೆಡೆ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಅಲ್ಲಿಗೆಂದೇ ಪ್ರತ್ಯೇಕ ‘ಗಲ್ಫ್ ರೂಪಾಯಿ’ ನೋಟುಗಳನ್ನು ಹೊರಡಿಸಿತು.

ಮಜ್ಲಿಸ್ ಮತ್ತು ಆತಿಥ್ಯ

ಕುಳಿತುಕೊಳ್ಳುವುದು ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಬಂದ ‘ಮಜ್ಲಿಸ್’ ಎಂಬ ಪದವು ಅತಿಥಿಗಳನ್ನು ಬರಮಾಡಿಕೊಳ್ಳುವ ಕೋಣೆಯನ್ನೂ ಅಲ್ಲಿ ಸೇರುವ ಕೂಟವನ್ನೂ ಸೂಚಿಸುತ್ತದೆ. ಕುವೈತ್‌ನಲ್ಲಿ ಇದಕ್ಕೆ ‘ದಿವಾನಿಯಾ’ ಎನ್ನುತ್ತಾರೆ. ಊರಿನ ವಿಚಾರ, ಜಗಳದ ಪಂಚಾಯಿತಿ, ಮದುವೆಯ ಮಾತು, ವ್ಯಾಪಾರ ಎಲ್ಲವೂ ಇಲ್ಲಿಯೇ ನಡೆಯುತ್ತವೆ. ಮಜ್ಲಿಸ್ ಮತ್ತು ಅರಬ್ಬಿ ಕಾಫಿ (ಗಹ್ವಾ) ಎರಡನ್ನೂ ಯುನೆಸ್ಕೊ 2015ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಏಲಕ್ಕಿ ಹಾಕಿದ, ಸಕ್ಕರೆಯಿಲ್ಲದ ಗಹ್ವಾವನ್ನು ‘ದಲ್ಲಾ’ ಎಂಬ ಕೊಕ್ಕಿನ ಪಾತ್ರೆಯಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ (‘ಫಿಂಜಾನ್’) ಸುರಿದು ಖರ್ಜೂರದೊಂದಿಗೆ ಕೊಡಲಾಗುತ್ತದೆ. ಬಟ್ಟಲನ್ನು ತುಂಬಿಸುವುದಿಲ್ಲ, ತುಂಬಿಸಿದರೆ ಬೇಗ ಕುಡಿದು ಹೊರಡಿ ಎಂದಂತೆ. ಬಲಗೈಯಿಂದಲೇ ಬಟ್ಟಲನ್ನು ಪಡೆಯಬೇಕು. ಸಾಕು ಎನ್ನಲು ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ ಹಿಂದಿರುಗಿಸಬೇಕು, ಇಲ್ಲವಾದರೆ ಮತ್ತೆ ಸುರಿಯುತ್ತಲೇ ಇರುತ್ತಾರೆ. ಮೊದಲ ಬಟ್ಟಲನ್ನೇ ನಿರಾಕರಿಸುವುದು ಒರಟುತನವೆನಿಸುತ್ತದೆ. ಮೊದಲ ಭೇಟಿಯಲ್ಲಿ ಆರೋಗ್ಯ, ಪ್ರಯಾಣ ಮತ್ತು ಮನೆಯವರ ಕ್ಷೇಮದ ಮಾತೇ ಮುಗಿಯದಿರಬಹುದು. ಇದು ಕಾಲಹರಣವಲ್ಲ, ಎದುರಿಗಿರುವವನು ಎಂಥವನು ಎಂಬ ಪರೀಕ್ಷೆ ಆಗಲೇ ಆರಂಭವಾಗಿರುತ್ತದೆ. ಕ್ಷೇಮ ವಿಚಾರಿಸುವಾಗ ಮನೆಯ ಹೆಂಗಸರನ್ನು ಹೆಸರಿಸಿ ಕೇಳದೆ ‘ಮನೆಯವರೆಲ್ಲ ಕ್ಷೇಮವೇ’ ಎಂದು ಕೇಳುವುದು ಸಂಪ್ರದಾಯ.

ಮಾನ ಮತ್ತು ಮಾತಿನ ರೀತಿ

ವ್ಯಕ್ತಿಯ ಮಾನಕ್ಕೆ ಅರಬ್ಬಿಯಲ್ಲಿ ‘ಶರಫ್’ ಎನ್ನುತ್ತಾರೆ. ಅದು ಅವನೊಬ್ಬನದಲ್ಲ, ಇಡೀ ಮನೆತನದ್ದು. ಹಲವರ ಎದುರು ತಪ್ಪನ್ನು ಎತ್ತಿ ತೋರಿಸಿದರೆ ತಪ್ಪು ಸರಿಹೋಗುವುದಕ್ಕಿಂತ ಸಂಬಂಧ ಕೆಡುವ ಸಾಧ್ಯತೆಯೇ ಹೆಚ್ಚು. ನೇರವಾಗಿ ‘ಇಲ್ಲ’ ಎನ್ನುವುದನ್ನೂ ಸಾಧ್ಯವಾದಷ್ಟು ತಪ್ಪಿಸಲಾಗುತ್ತದೆ. ‘ಇನ್‌ಶಾ ಅಲ್ಲಾ’ (ದೇವರು ಬಯಸಿದರೆ) ಎಂಬ ಮಾತು ಹೊರಗಿನವರನ್ನು ಗೊಂದಲಕ್ಕೀಡುಮಾಡುವುದು ಇಲ್ಲಿಯೇ. ಮುಂದೆ ಮಾಡುವ ಕೆಲಸದ ಬಗ್ಗೆ ಮಾತನಾಡುವಾಗ ಹೀಗೆ ಹೇಳಬೇಕೆಂಬುದು ಕುರಾನಿನ ಆದೇಶ. ಆದ್ದರಿಂದ ದೃಢ ಸಂಕಲ್ಪವಿರುವವರೂ ಇದನ್ನು ಹೇಳುತ್ತಾರೆ, ಮೃದುವಾಗಿ ನಿರಾಕರಿಸುವವರೂ ಹೇಳುತ್ತಾರೆ. ಮಾತಿನ ಬೆನ್ನಲ್ಲೇ ದಿನಾಂಕ, ಹೆಸರು ಅಥವಾ ಮುಂದಿನ ಭೇಟಿಯ ಪ್ರಸ್ತಾಪ ಬಂದರೆ ಅದನ್ನು ಒಪ್ಪಿಗೆಯೆಂದು ತಿಳಿಯಬಹುದು. ವಿಷಯವೇ ಬದಲಾದರೆ ಬಹುಮಟ್ಟಿಗೆ ನಿರಾಕರಣೆ.

ವಾಸ್ತಾ

‘ನಡು’ ಎಂಬರ್ಥದ ಧಾತುವಿನಿಂದ ಬಂದ ‘ವಾಸ್ತಾ’ ಪದಕ್ಕೆ ಮಧ್ಯಸ್ಥಿಕೆ ಅಥವಾ ಶಿಫಾರಸು ಎಂದರ್ಥ. ಕುಲಗಳ ನಡುವಿನ ಕಲಹವನ್ನು ಹಿರಿಯರು ಬಗೆಹರಿಸುತ್ತಿದ್ದ ಪದ್ಧತಿಯಲ್ಲಿ ಇದರ ಬೇರಿದೆ. ಇಂದು ಕೆಲಸ, ಪರವಾನಗಿ, ಗುತ್ತಿಗೆಗಳಿಗಾಗಿ ಪರಿಚಯ ಬಳಸುವುದಕ್ಕೆ ಈ ಹೆಸರಿದ್ದು, ವ್ಯಂಗ್ಯವಾಗಿ ‘ವಿಟಮಿನ್ ವಾವ್’ ಎಂದೂ ಕರೆಯುತ್ತಾರೆ. ನಂಬಿಕಸ್ಥರೊಬ್ಬರ ಮೂಲಕ ಪರಿಚಯ ಮಾಡಿಸಿಕೊಳ್ಳುವುದು ಒಂದು, ಅರ್ಹರನ್ನು ಹಿಂದೆ ಹಾಕಿ ಲಾಭ ಪಡೆಯುವುದು ಇನ್ನೊಂದು. ಎರಡಕ್ಕೂ ಒಂದೇ ಪದವಿರುವುದರಿಂದ ಗೆರೆ ಎಲ್ಲಿದೆ ಎಂಬುದು ಅರಬ್ ಸಮಾಜದೊಳಗೇ ಚರ್ಚೆಯ ವಿಷಯ. ಕೊಲ್ಲಿಯ ಹೊರಗಿನ ಅರಬ್ ರಾಷ್ಟ್ರವಾದ ಜೋರ್ಡಾನ್ ತನ್ನ 2006ರ ಭ್ರಷ್ಟಾಚಾರ ವಿರೋಧಿ ಕಾನೂನಿನಲ್ಲಿ ಇತರರ ಹಕ್ಕನ್ನು ಕಸಿಯುವ ವಾಸ್ತಾವನ್ನು ಭ್ರಷ್ಟಾಚಾರವೆಂದು ಪರಿಗಣಿಸಿದೆ.

ಕರಾರು ಮತ್ತು ಹಣಕಾಸು

ಅರಬ್ಬರಿಗೆ ಬಾಯಿಮಾತೇ ಸಾಕು ಎಂಬ ಜನಪ್ರಿಯ ಅಭಿಪ್ರಾಯಕ್ಕೆ ಧರ್ಮದ ಆಧಾರವಿಲ್ಲ. ಕುರಾನಿನ ಅತಿ ದೀರ್ಘ ವಚನವು (ಎರಡನೆಯ ಅಧ್ಯಾಯದ 282ನೆಯದು) ಸಾಲದ ವ್ಯವಹಾರವನ್ನು ಸಾಕ್ಷಿಗಳ ಎದುರು ಬರೆದಿಡಬೇಕೆಂದೇ ಹೇಳುತ್ತದೆ. ಬಡ್ಡಿ (‘ರಿಬಾ’) ಮತ್ತು ಅತಿಯಾದ ಅನಿಶ್ಚಿತತೆ (‘ಘರಾರ್’) ನಿಷಿದ್ಧ. ಆದ್ದರಿಂದ ಇಸ್ಲಾಮಿಕ್ ಬ್ಯಾಂಕುಗಳು ಸರಕನ್ನು ತಾವೇ ಕೊಂಡು ಮೊದಲೇ ತಿಳಿಸಿದ ಲಾಭ ಸೇರಿಸಿ ಮಾರುವ ‘ಮುರಾಬಹಾ’ದಂಥ ವಿಧಾನಗಳನ್ನು ಅನುಸರಿಸುತ್ತವೆ. ದುಬೈ ಇಸ್ಲಾಮಿಕ್ ಬ್ಯಾಂಕ್ 1975ರಲ್ಲಿ ಆರಂಭವಾಯಿತು. ಸಾಮಾನ್ಯ ಬ್ಯಾಂಕುಗಳೂ ಈ ದೇಶಗಳಲ್ಲಿವೆ.

ಯು.ಎ.ಇ.ಯಲ್ಲಿ ಬಾಡಿಗೆ, ಸಾಲ ಮತ್ತು ಸರಬರಾಜಿಗೆ ಮುಂದಿನ ದಿನಾಂಕದ ಚೆಕ್ ಪಡೆಯುವುದು ರೂಢಿ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಮರಳಿದರೆ ಹಿಂದೆ ಜೈಲು ಶಿಕ್ಷೆಯಾಗುತ್ತಿತ್ತು. 2022ರ ಜನವರಿಯಿಂದ ಇದು ಬಹುಮಟ್ಟಿಗೆ ಅಪರಾಧವಲ್ಲದಿದ್ದರೂ ಚೆಕ್ಕಿನ ಆಧಾರದಲ್ಲಿ ನೇರವಾಗಿ ವಸೂಲಿ ನಡೆಸಬಹುದು. ವಂಚನೆಯ ಉದ್ದೇಶವಿದ್ದರೆ ಶಿಕ್ಷೆಯೂ ಉಂಟು. ಸ್ನೇಹದ ಭರವಸೆಯಿಂದ ಭದ್ರತಾ ಚೆಕ್ಕಿಗೆ ಸಹಿ ಹಾಕುವವರು ಗಮನಿಸಬೇಕಾದ ಅಂಶವಿದು. ಸಾಮಾನ್ಯ ನ್ಯಾಯಾಲಯಗಳ ಭಾಷೆ ಅರಬ್ಬಿ; ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದ ನ್ಯಾಯಾಲಯಗಳು ಇಂಗ್ಲಿಷ್‌ನಲ್ಲಿ ಕಾರ್ಯನಿರ್ವಹಿಸುತ್ತವೆ. ದುಬೈಯಂಥ ಎಮಿರೇಟ್‌ಗಳ ಮುಖ್ಯ ಪ್ರದೇಶದ ಕಂಪನಿಗಳಲ್ಲಿ ಸ್ಥಳೀಯರಿಗೆ ಶೇ. 51 ಪಾಲು ಇರಬೇಕೆಂಬ ನಿಯಮವನ್ನು ಬಹುತೇಕ ಕ್ಷೇತ್ರಗಳಲ್ಲಿ 2021ರಲ್ಲಿ ಕೈಬಿಡಲಾಯಿತು.

ಕಾಲ ಮತ್ತು ವಾರ

ಸೌದಿ ಅರೇಬಿಯಾದಲ್ಲಿ 2013ರಿಂದ ಶುಕ್ರವಾರ ಮತ್ತು ಶನಿವಾರ ರಜೆ. ಯು.ಎ.ಇ. ಸರ್ಕಾರಿ ಕಚೇರಿಗಳು 2022ರಿಂದ ಶುಕ್ರವಾರ ಅರ್ಧ ದಿನ ಕೆಲಸ ಮಾಡಿ ಶನಿವಾರ, ಭಾನುವಾರ ಮುಚ್ಚಿರುತ್ತವೆ. ರಂಜಾನ್ ತಿಂಗಳಲ್ಲಿ ಕೆಲಸದ ಅವಧಿ ಕಡಿಮೆ; ದೊಡ್ಡ ತೀರ್ಮಾನಗಳು ಸಾಮಾನ್ಯವಾಗಿ ಈದ್ ನಂತರಕ್ಕೆ ಹೋಗುತ್ತವೆ. ಆದರೆ ಇಫ್ತಾರ್ ಕೂಟಗಳು ಸಂಬಂಧ ಬೆಳೆಸಲು ಉತ್ತಮ ಅವಕಾಶ.

ಮಹಿಳೆಯರು

ಮಹಿಳೆ ತಾನಾಗಿ ಕೈ ಚಾಚದ ಹೊರತು ಪುರುಷರು ಕೈಕುಲುಕದೆ, ಎದೆಯ ಮೇಲೆ ಕೈಯಿಟ್ಟು ವಂದಿಸುವುದು ವಾಡಿಕೆ. ಇದನ್ನು ಮಹಿಳೆಯರ ಅಧಿಕಾರಕ್ಕೆ ಅಳತೆಗೋಲೆಂದು ತಿಳಿಯಬಾರದು. ಶೇಖಾ ಲುಬ್ನಾ ಅಲ್ ಕಾಸಿಮಿ 2004ರಲ್ಲಿ ಯು.ಎ.ಇ.ಯ ಮೊದಲ ಸಚಿವೆಯಾಗಿ ಅರ್ಥ ಮತ್ತು ಯೋಜನಾ ಖಾತೆ ವಹಿಸಿಕೊಂಡರು. ಸಾರಾ ಅಲ್ ಸುಹೈಮಿ 2017ರಲ್ಲಿ ಸೌದಿ ಷೇರು ವಿನಿಮಯ ಕೇಂದ್ರದ ಅಧ್ಯಕ್ಷೆಯಾದರು.

ವಿಮರ್ಶೆ

ಈ ವಿಷಯದ ಕೈಪಿಡಿಗಳು ಬಹುವಾಗಿ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ ಮತ್ತು ಡಚ್ ವಿದ್ವಾಂಸ ಹೀರ್ಟ್ ಹಾಫ್‌ಸ್ಟೀಡ್ ಅವರ ವರ್ಗೀಕರಣಗಳನ್ನು ಅವಲಂಬಿಸಿವೆ. ಹಾಫ್‌ಸ್ಟೀಡ್ ಅವರು ಈಜಿಪ್ಟ್, ಇರಾಕ್, ಕುವೈತ್, ಲೆಬನಾನ್, ಲಿಬಿಯಾ, ಸೌದಿ ಅರೇಬಿಯಾ ಮತ್ತು ಯು.ಎ.ಇ.ಗಳನ್ನು ಒಟ್ಟು ಸೇರಿಸಿ ‘ಅರಬ್ ದೇಶಗಳು’ ಎಂಬ ಒಂದೇ ಅಂಕ ನೀಡಿದ್ದರು. ಲೆಬನಾನಿನ ಬ್ಯಾಂಕರನನ್ನೂ ಸೌದಿಯ ಗುತ್ತಿಗೆದಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಕ್ರಮ ಆಕ್ಷೇಪಕ್ಕೆ ಗುರಿಯಾಗಿದೆ. ವಿದೇಶದಲ್ಲಿ ಓದಿ ಬಂದ ಕೊಲ್ಲಿಯ ಯುವ ಉದ್ಯಮಿಗಳು ಹಲವು ವೇಳೆ ಮೊದಲ ಭೇಟಿಯಲ್ಲೇ ನೇರವಾಗಿ ಲೆಕ್ಕಪತ್ರ ಕೇಳುತ್ತಾರೆ, ಗಹ್ವಾ ಅದರ ಜೊತೆಗೇ ಬರುತ್ತದೆ.