ಕ್ಯಾಂಪಿಂಗ್ ಟ್ರೇಲರ್: ಸ್ವಂತ ದುರಸ್ತಿ ಮತ್ತು ಸುಧಾರಣೆ

ಕ್ಯಾಂಪಿಂಗ್ ಟ್ರೇಲರ್ ಎಂದರೆ ಕಾರು ಅಥವಾ ಪಿಕಪ್ ವಾಹನದ ಹಿಂದೆ ಜೋಡಿಸಿ ಎಳೆದೊಯ್ಯುವ, ಸ್ವಂತ ಎಂಜಿನ್ ಇಲ್ಲದ ಗಾಲಿಮನೆ. ಅಮೆರಿಕ ಮತ್ತು ಕೆನಡದಲ್ಲಿ ಇದನ್ನು ಟ್ರಾವೆಲ್ ಟ್ರೇಲರ್ ಎಂದೂ ಬ್ರಿಟನ್ನಿನಲ್ಲಿ ಕ್ಯಾರವಾನ್ ಎಂದೂ ಕರೆಯುತ್ತಾರೆ. ಮಲಗಲು ಹಾಸಿಗೆ, ಒಲೆ, ಫ್ರಿಜ್, ನೀರಿನ ಟ್ಯಾಂಕು, ಹಲವುಗಳಲ್ಲಿ ಸ್ನಾನ ಶೌಚದ ಕೋಣೆಯೂ ಇರುತ್ತದೆ. ಒಂದು ಮನೆಗೆ ಬೇಕಾದ ಛಾವಣಿ, ಕೊಳಾಯಿ, ಗ್ಯಾಸು, ವಿದ್ಯುತ್ತು ಎಲ್ಲವೂ ಒಂದೆರಡು ಆಕ್ಸಲ್‌ಗಳ ಮೇಲೆ ಕುಳಿತು ಸಾವಿರಾರು ಕಿಲೋಮೀಟರ್ ಕುಲುಕಾಡುತ್ತ ಸಾಗುವುದರಿಂದ ಅದರ ಸ್ಕ್ರೂ, ಅಂಟು, ಕೀಲುಗಳು ನಿಂತ ಮನೆಯವಕ್ಕಿಂತ ಬೇಗ ಸಡಿಲಗೊಳ್ಳುತ್ತವೆ. ಹೀಗಾಗಿ ದುರಸ್ತಿ ಎಂಬುದು ಟ್ರೇಲರ್ ಇಟ್ಟುಕೊಂಡವರ ಪಾಲಿಗೆ ಎಂದೋ ಒಮ್ಮೆ ಬರುವ ಕೆಲಸವಲ್ಲ, ಪ್ರತಿ ವರ್ಷದ ಕೆಲಸ. ಅದರ ಬಹುಪಾಲನ್ನು ಮಾಲೀಕರೇ ಮನೆಯಂಗಳದಲ್ಲಿ ಮಾಡಿಕೊಳ್ಳುತ್ತ ಬಂದಿದ್ದಾರೆ.

ಈ ವಾಹನದ ಚರಿತ್ರೆಯೇ ಸ್ವಂತ ಕೈಕೆಲಸದಿಂದ ಶುರುವಾದದ್ದು. ಡೆಟ್ರಾಯಿಟ್‌ನ ಆರ್ಥರ್ ಶರ್ಮನ್ ಎಂಬ ಬ್ಯಾಕ್ಟೀರಿಯಾ ತಜ್ಞ 1929ರಲ್ಲಿ ಬಿಡಿಸಿ ಹೂಡುವ ಡೇರೆಯ ಟ್ರೇಲರ್ ಒಂದನ್ನು ಕೊಂಡ. ಮೊದಲ ಪ್ರವಾಸದ ಮಳೆಯಲ್ಲೇ ಅದು ಕೈಕೊಟ್ಟಿತು. ಬೇಸತ್ತ ಆತ ಗಟ್ಟಿ ಗೋಡೆಯ ಟ್ರೇಲರನ್ನು ತಾನೇ ರೂಪಿಸಿದ. ಅದರಿಂದ ಹುಟ್ಟಿದ ಕವರ್ಡ್ ವ್ಯಾಗನ್ ಕಂಪನಿ 1930ರ ದಶಕದ ದೊಡ್ಡ ತಯಾರಕರಲ್ಲಿ ಒಂದಾಯಿತು. ಏರ್‌ಸ್ಟ್ರೀಮ್ ಟ್ರೇಲರ್ ಕಂಪನಿಯ ಸಂಸ್ಥಾಪಕ ವಾಲಿ ಬಯಮ್ ಕೂಡ ಮೊದಲು ಮಾರಿದ್ದು ಟ್ರೇಲರನ್ನಲ್ಲ, ಅದನ್ನು ಮನೆಯಲ್ಲೇ ಕಟ್ಟಿಕೊಳ್ಳುವ ನಕ್ಷೆಯನ್ನು. ಎರಡನೆಯ ಮಹಾಯುದ್ಧದ ಮುಂಚೆ ಮತ್ತು ಅನಂತರ ಅಮೆರಿಕದ ಕೈಕೆಲಸದ ಮಾಸಪತ್ರಿಕೆಗಳು ನೀರ ಹನಿಯ ಆಕಾರದ ಪುಟ್ಟ ಟ್ರೇಲರ್‌ಗಳ ನಕ್ಷೆಗಳನ್ನು ಅಳತೆ ಸಮೇತ ಅಚ್ಚು ಹಾಕುತ್ತಿದ್ದವು.

ನೀರಿನ ಸೋರಿಕೆ

ಟ್ರೇಲರ್‌ಗಳ ಆಯಸ್ಸನ್ನು ಮೊಟಕುಗೊಳಿಸುವುದರಲ್ಲಿ ಮಳೆನೀರಿಗೆ ಮೊದಲ ಸ್ಥಾನ. ಹೊಸ ಬಣ್ಣ, ಹೊಸ ಮೆತ್ತೆ, ಗೋಡೆಗೆ ಅಂಟಿಸುವ ಕಾಗದ ಇವುಗಳಿಂದ ಕೆಲಸ ಶುರು ಮಾಡುವವರು ಬಹಳ. ಛಾವಣಿ ಸೋರುತ್ತಿರುವಾಗ ಒಳಗೆ ಮಾಡಿದ ಯಾವ ಅಲಂಕಾರವೂ ಒಂದೆರಡು ಮಳೆಗಾಲಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಹಳೆಯ ಟ್ರೇಲರ್ ಕೈಗೆ ಬಂದರೆ ಏಣಿ ಹಾಕಿ ಮೇಲೆ ಹತ್ತಿ ನೋಡುವುದೇ ಮೊದಲ ಕೆಲಸವಾಗಬೇಕು.

ಸಾಂಪ್ರದಾಯಿಕ ಟ್ರೇಲರಿನ ಗೋಡೆ ಎಂದರೆ ತೆಳುವಾದ ಮರದ ರೀಪುಗಳ ಚೌಕಟ್ಟು, ಹೊರಗೆ ಸುಕ್ಕುಗಟ್ಟಿದ ಅಲ್ಯೂಮಿನಿಯಂ ತಗಡು, ಒಳಗೆ ತೆಳ್ಳನೆಯ ಪ್ಲೈವುಡ್, ನಡುವೆ ಗಾಜಿನ ನಾರಿನ ಹತ್ತಿ. ಗೋಡೆಯೂ ಛಾವಣಿಯೂ ಕೂಡುವ ಮೂಲೆಯಲ್ಲಿ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಸಾಲು ಸಾಲು ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಅದರ ಕೆಳಗಿನ ಪುಟ್ಟಿ ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ಅಲ್ಲಿಂದ ಇಳಿದ ನೀರು ರೀಪಿನ ಗುಂಟ ಹರಿದು, ಒಳಗೆ ಬಂದ ಜಾಗದಿಂದ ಎಷ್ಟೋ ಅಡಿ ದೂರದಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಕಲೆ ಕಂಡ ಜಾಗಕ್ಕೇ ಮೆತ್ತಿ ಸುಮ್ಮನಾಗುವುದರಿಂದ ಪ್ರಯೋಜನವಿಲ್ಲ. ನೀರು ಒಳಹೋಗುವ ಕಂಡಿಯನ್ನು ಪತ್ತೆಹಚ್ಚಲು ಒಂದು ಒಳ್ಳೆಯ ವಿಧಾನವುಂಟು: ಛಾವಣಿಯ ಗವಾಕ್ಷಿಯಲ್ಲಿ ಫ್ಯಾನ್ ಕೂರಿಸಿ ಒಳಕ್ಕೆ ಗಾಳಿ ತುಂಬುತ್ತ, ಉಳಿದ ಕಿಟಕಿ ಬಾಗಿಲು ಮುಚ್ಚಿ, ಹೊರಗಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಬಳಿಯುವುದು. ಸೋರುವ ಕಡೆ ಗುಳ್ಳೆ ಏಳುತ್ತದೆ. ತೇವ ಅಳೆಯುವ ಮೀಟರ್ ಇನ್ನೊಂದು ನೆರವು. ಒಣ ಮರದಲ್ಲಿ ಶೇ. 15ರೊಳಗೆ ನಿಲ್ಲಬೇಕಾದ ಮುಳ್ಳು 20 ದಾಟಿದರೆ ಅನುಮಾನ ಪಡಬೇಕು, 30ರ ಆಸುಪಾಸಿಗೆ ಹೋದರೆ ಒಳಗಿನ ಮರ ಕುಂಬಾಗಿರುವುದು ಬಹುಮಟ್ಟಿಗೆ ಖಚಿತ.

ದುರಸ್ತಿಯಲ್ಲಿ ಮೂಲೆಪಟ್ಟಿಯನ್ನು ಪೂರ್ತಿ ಕಳಚಿ, ಹಳೆಯ ಪುಟ್ಟಿಯನ್ನು ಒಂದು ಚೂರೂ ಉಳಿಯದಂತೆ ಕೆರೆದು, ಬ್ಯೂಟೈಲ್ ಟೇಪ್ ಎಂಬ ಜಿಗುಟು ಪಟ್ಟಿಯನ್ನು ಇಟ್ಟು, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳಿಂದ ಮತ್ತೆ ಬಿಗಿಯುತ್ತಾರೆ. ಬಿಸಿಲಿಗೆ ಟೇಪ್ ಮೆತ್ತಗಾಗುವುದರಿಂದ ಮಾರನೆಯ ದಿನ ಸ್ಕ್ರೂಗಳನ್ನು ಇನ್ನೊಮ್ಮೆ ತಿರುಗಿಸಿ, ಹೊರಗೆ ಉಕ್ಕಿದ್ದನ್ನು ಕತ್ತರಿಸುವುದುಂಟು. ಛಾವಣಿಯ ಕೊಳವೆ, ಗವಾಕ್ಷಿಗಳ ಸುತ್ತ ತಾನೇ ಹರಡಿ ಸಮತಟ್ಟಾಗುವ ಸೀಲಂಟ್ ಹಾಕಬೇಕು. ಮನೆಯ ಬಚ್ಚಲಿಗೆ ಬಳಸುವ ಸಿಲಿಕೋನ್ ಮಾತ್ರ ಇಲ್ಲಿ ಬೇಡವೇ ಬೇಡ. ಅದು ಕಿತ್ತುಬಂದ ಮೇಲೂ ಕಣ್ಣಿಗೆ ಕಾಣದ ಪದರ ಬಿಟ್ಟುಹೋಗುತ್ತದೆ, ಆ ಪದರಕ್ಕೆ ಮುಂದೆ ಯಾವ ಅಂಟೂ ಹಿಡಿಯದು. ಇ.ಪಿ.ಡಿ.ಎಂ. ರಬ್ಬರಿನ ಹಾಳೆ ಹೊದಿಸಿದ ಛಾವಣಿಯನ್ನು ಸೀಮೆಎಣ್ಣೆ, ಪೆಟ್ರೋಲುಗಳಿಂದ ಒರೆಸಿದರೆ ರಬ್ಬರು ಉಬ್ಬಿ ಹಾಳಾಗುತ್ತದೆ. ಸಾಮಾನ್ಯ ಸೋಪಿನ ನೀರೇ ಸಾಕು.

ಕುಂಬಾದ ಮರಕ್ಕೆ ಔಷಧವಿಲ್ಲ. ತೆಳುವಾದ ಎಪಾಕ್ಸಿ ಕುಡಿಸಿ ಮೇಲ್ಮೈ ಗಟ್ಟಿ ಮಾಡಬಹುದು, ಆದರೆ ಭಾರ ಹೊರುವ ರೀಪಿಗೆ ಅದು ಸಾಲದು. ಗಟ್ಟಿ ಮರ ಸಿಗುವವರೆಗೆ ಕೊಯ್ದು ತೆಗೆದು, ಉಳಿದದ್ದು ಪೂರಾ ಒಣಗಿದ ಮೇಲೆ, ಪಕ್ಕದಲ್ಲಿ ಹೊಸ ರೀಪನ್ನು ಅಂಟು ಮತ್ತು ಸ್ಕ್ರೂ ಎರಡರಿಂದಲೂ ಕೂಡಿಸಬೇಕು. ಅವಸರದಲ್ಲಿ ಒದ್ದೆ ಮರವನ್ನು ಮುಚ್ಚಿಬಿಟ್ಟರೆ ಶಿಲೀಂಧ್ರ ಒಳಗೇ ಬೆಳೆಯುತ್ತದೆ. ಇತ್ತೀಚಿನ ಟ್ರೇಲರ್‌ಗಳಲ್ಲಿ ಫೈಬರ್‌ಗ್ಲಾಸ್ ಹಾಳೆ, ತೆಳು ಪ್ಲೈವುಡ್, ಫೋಮ್ ಮೂರನ್ನೂ ಒತ್ತಿ ಅಂಟಿಸಿದ ಗೋಡೆಗಳಿರುತ್ತವೆ. ಇವುಗಳೊಳಗೆ ನೀರು ಹೊಕ್ಕರೆ ಹೊರಪದರ ಗುಳ್ಳೆಯಂತೆ ಉಬ್ಬುತ್ತದೆ. ಈ ಉಬ್ಬನ್ನು ಅಂಗಳದಲ್ಲಿ ಸರಿಪಡಿಸುವುದು ಕಷ್ಟ, ಸರಿಪಡಿಸಿದರೂ ಅಪರೂಪಕ್ಕೆ ಮೊದಲಿನಂತಾಗುತ್ತದೆ.

ಮರದ ಚೌಕಟ್ಟೇ ಇಲ್ಲದ ಎರಡು ಬಗೆಗಳಿಗೆ ದುರಸ್ತಿಗಾರರಲ್ಲಿ ವಿಶೇಷ ಆದರವಿದೆ. ಕೆನಡದ ವಿನಿಪೆಗ್‌ನಲ್ಲಿ ರೇ ಒಲೆಕೊ 1968ರಲ್ಲಿ ಹೊರತಂದ ಬೋಲರ್ ಟ್ರೇಲರನ್ನು ಫೈಬರ್‌ಗ್ಲಾಸಿನ ಎರಡು ಅಚ್ಚುಗಳಾಗಿ ಎರೆದು ಸೊಂಟದ ಮಟ್ಟದಲ್ಲಿ ಕೂಡಿಸಿದ್ದರು. ಗೋಡೆ ಕುಂಬಾಗುವ ಮಾತಿಲ್ಲ, ಕಿಟಕಿಯ ರಬ್ಬರು ಮತ್ತು ಪ್ಲೈವುಡ್ಡಿನ ನೆಲ ಮಾತ್ರ ನೋಡಿಕೊಳ್ಳಬೇಕು. ಏರ್‌ಸ್ಟ್ರೀಮ್ 1936ರ ಕ್ಲಿಪ್ಪರ್ ಮಾದರಿಯಿಂದ ವಿಮಾನದಂತೆ ರಿವೆಟ್ ಹೊಡೆದ ಅಲ್ಯೂಮಿನಿಯಂ ಕವಚಕ್ಕೆ ಹೆಸರಾಯಿತು. ಅದರ ಸಂಕಟ ಬೇರೆ ಜಾಗದಲ್ಲಿದೆ. ಹಿಂಬದಿಯಲ್ಲಿ ನೀರು ಸೋರಿ ನೆಲದ ಪ್ಲೈವುಡ್ ಕುಂಬಾದಾಗ, ಕವಚಕ್ಕೂ ಕೆಳಗಿನ ಉಕ್ಕಿನ ಚಾಸಿಗೂ ಇರುವ ಹಿಡಿತ ಕಳಚಿ ಹಿಂಭಾಗ ಜೋಲುತ್ತದೆ. ಹಿಂದಿನ ಬಂಪರಿನ ಮೇಲೆ ನಿಂತು ಕುಣಿದಾಗ ಕವಚ ಅಲುಗದೆ ಚಾಸಿ ಮಾತ್ರ ಕೆಳಗಿಳಿದರೆ ರೋಗ ಇದೇ. ಪೂರ್ಣ ಪರಿಹಾರಕ್ಕಾಗಿ ಕವಚವನ್ನೇ ಮೇಲೆತ್ತಿ ನಿಲ್ಲಿಸಿ, ಚಾಸಿಗೆ ಬೆಸುಗೆ ಹಾಕಿ, ಹೊಸ ನೆಲ ಹಾಸುವ ಸಾಹಸಿಗಳಿದ್ದಾರೆ. ಅಲ್ಯೂಮಿನಿಯಂ ಉಕ್ಕಿಗೆ ನೇರವಾಗಿ ತಾಗಿ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯುವುದರಿಂದ ಎರಡರ ನಡುವೆ ತಡೆಪದರ ಇರಲೇಬೇಕು.

ಗಾಲಿ, ಬೇರಿಂಗ್, ಬ್ರೇಕು

ರಸ್ತೆಯ ಮೇಲೆ ಪ್ರಾಣಾಪಾಯ ತರುವ ದೋಷಗಳು ಇಲ್ಲಿವೆ. ತಿಂಗಳುಗಟ್ಟಲೆ ನಿಂತಿದ್ದು ಒಮ್ಮೆಲೇ ದೂರ ಓಡುವುದು ಟ್ರೇಲರಿನ ಬಾಳು. ಅಮೆರಿಕದ ಪ್ರಮುಖ ಆಕ್ಸಲ್ ತಯಾರಕರಾದ ಡೆಕ್ಸ್‌ಟರ್ ಕೈಪಿಡಿಯ ಪ್ರಕಾರ ಬೇರಿಂಗುಗಳನ್ನು 12 ತಿಂಗಳಿಗೆ ಅಥವಾ 12,000 ಮೈಲಿಗೆ, ಅಂದರೆ ಸುಮಾರು 19,000 ಕಿ.ಮೀ.ಗೆ ಒಮ್ಮೆ ಬಿಚ್ಚಿ ಗ್ರೀಸ್ ತುಂಬಬೇಕು. ಹಳೆಯ ಗ್ರೀಸನ್ನು ತೊಳೆದು, ರೋಲರುಗಳ ಮೇಲೆ ನೀಲಿ ಬಣ್ಣ ಅಥವಾ ಕಚ್ಚು ಇದೆಯೇ ನೋಡಿ, ಹೊಸ ಗ್ರೀಸನ್ನು ರೋಲರುಗಳ ಸಂದಿಯಿಂದ ಹೊರಬರುವವರೆಗೆ ಅಂಗೈಯಿಂದ ಒತ್ತಿ ತುಂಬಬೇಕು. ಬಳಿಕ ಚಕ್ರ ತಿರುಗಿಸುತ್ತಲೇ ಸ್ಪಿಂಡಲ್ ನಟ್ಟನ್ನು ಬಿಗಿದು, ಪೂರ್ತಿ ಸಡಿಲಿಸಿ, ಬೆರಳಿನಿಂದ ಎಷ್ಟು ಬಿಗಿಯುತ್ತದೋ ಅಷ್ಟಕ್ಕೇ ನಿಲ್ಲಿಸಿ, ಹೊಸ ಪಿನ್ ಹಾಕಬೇಕು. ಗ್ರೀಸ್ ಗನ್ನಿನಿಂದ ಹೊರಗಿನಿಂದಲೇ ತುಂಬುವ ಸೌಲಭ್ಯ ಇರುವ ಆಕ್ಸಲ್‌ಗಳಲ್ಲಿ ಒತ್ತಡ ಹೆಚ್ಚಾದರೆ ಹಿಂಬದಿಯ ಸೀಲು ಒಡೆದು ಗ್ರೀಸ್ ಬ್ರೇಕಿನ ಲೈನಿಂಗಿಗೆ ಮೆತ್ತಿಕೊಳ್ಳುತ್ತದೆ. ಬಿಚ್ಚಿ ನೋಡುವ ಅಭ್ಯಾಸವೇ ಸುರಕ್ಷಿತ.

ಚಕ್ರ ಕಳಚಿ ಹಾಕಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದು, ಮೊದಲ 10, 25 ಮತ್ತು 50 ಮೈಲಿಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ಟೈರು ಸವೆಯುವ ಮುಂಚೆಯೇ ಮುದಿಯಾಗುತ್ತದೆ. ಅದರ ಬದಿಯಲ್ಲಿ ಕೊರೆದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ. ಐದಾರು ವರ್ಷ ದಾಟಿದ ಟೈರಿನ ಹೂವು ಎಷ್ಟೇ ಚೆನ್ನಾಗಿದ್ದರೂ ಬದಲಾಯಿಸುವುದು ರೂಢಿ.

ಕಾಡುರಸ್ತೆಯಲ್ಲಿ ತಳ ತಾಗದಿರಲೆಂದು ಆಕ್ಸಲನ್ನು ಪಟ್ಟಾ ಸ್ಪ್ರಿಂಗಿನ ಮೇಲಿನಿಂದ ಕೆಳಕ್ಕೆ ಸರಿಸಿ ಟ್ರೇಲರನ್ನು ಎತ್ತರಿಸುವ ಸುಧಾರಣೆ ಜನಪ್ರಿಯ. ಹಲವು ಆಕ್ಸಲ್‌ಗಳಿಗೆ ನಡುವೆ ಸಣ್ಣ ಬಾಗು ಇರುವುದರಿಂದ ಅದನ್ನು ತಲೆಕೆಳಗು ಮಾಡಿ ಕೂರಿಸುವಂತಿಲ್ಲ, ಸ್ಪ್ರಿಂಗ್ ಕೂರುವ ಹೊಸ ಆಸನಗಳನ್ನು ಬೆಸೆಯಬೇಕು. ನುರಿತ ಬೆಸುಗೆಗಾರರಿಂದಲೇ ಇದನ್ನು ಮಾಡಿಸಬೇಕು.

ವಿದ್ಯುತ್ತು

ಟ್ರೇಲರಿನಲ್ಲಿ ಎರಡು ವಿದ್ಯುತ್ ಜಾಲಗಳಿವೆ: ಬ್ಯಾಟರಿಯ 12 ವೋಲ್ಟ್, ಹಾಗೂ ಶಿಬಿರದ ಕಂಬದಿಂದ ಬರುವ ಮನೆಬಳಕೆಯ ವಿದ್ಯುತ್ತು, ಅಮೆರಿಕದಲ್ಲಿ 120 ವೋಲ್ಟ್. ಮೊದಲನೆಯದರಲ್ಲಿ ಹೊಸಬರೂ ಧೈರ್ಯವಾಗಿ ಕೈಯಾಡಿಸಬಹುದು. ಹಳೆಯ ಬಲ್ಬು ಸುಮಾರು 18 ವ್ಯಾಟ್ ತಿನ್ನುತ್ತದೆ. ಅದರ ಜಾಗಕ್ಕೆ ಬರುವ ಎಲ್.ಇ.ಡಿ.ಗೆ ಎರಡು ಮೂರು ವ್ಯಾಟ್ ಸಾಕು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಸುಧಾರಣೆ ಇನ್ನೊಂದಿಲ್ಲ.

ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯಸ್ಸು ಕುಗ್ಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಬಹುತೇಕ ಶಕ್ತಿಯನ್ನೂ ಬಳಸಬಹುದು, ಭಾರವೂ ಅರ್ಧಕ್ಕಿಂತ ಕಡಿಮೆ. ಆದರೆ ಇದು ಬರೀ ಡಬ್ಬಿ ಬದಲಾಯಿಸುವ ಕೆಲಸವಲ್ಲ. ಹಳೆಯ ಚಾರ್ಜರಿನ ವೋಲ್ಟೇಜ್ ಲಿಥಿಯಂಗೆ ಸಾಲುವುದಿಲ್ಲ, ಎಳೆಯುವ ಕಾರಿನ ಆಲ್ಟರ್ನೇಟರ್ ನೇರ ಜೋಡಣೆಯಿಂದ ಕಾಯುತ್ತದೆ, ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಿದರೆ ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರದಲ್ಲಿ ಫ್ಯೂಸ್ ಇರಬೇಕು. ಅದು ಕಾಪಾಡುವುದು ಉಪಕರಣವನ್ನಲ್ಲ, ತಂತಿಯನ್ನು.

120 ವೋಲ್ಟಿನ ಕಡೆ ಒಂದು ಅನಾಹುತ ಮತ್ತೆ ಮತ್ತೆ ಸಂಭವಿಸುತ್ತದೆ. ಟ್ರೇಲರಿಗೆಂದೇ ಇರುವ 30 ಆಂಪಿಯರಿನ ಮೂರು ಕಡ್ಡಿಯ ಸಾಕೆಟ್ ನೋಡಲು ಬಟ್ಟೆ ಒಣಗಿಸುವ ಯಂತ್ರದ 240 ವೋಲ್ಟಿನ ಹಳೆಯ ಸಾಕೆಟ್ಟನ್ನು ಹೋಲುತ್ತದೆ. ಮನೆಯಂಗಳದಲ್ಲಿ ಸಾಕೆಟ್ ಕೂರಿಸಲು ಬಂದ ಎಲೆಕ್ಟ್ರಿಷಿಯನ್ನರೂ ಮೋಸಹೋಗಿ 240 ವೋಲ್ಟ್ ಕೊಟ್ಟು, ಪ್ಲಗ್ ಚುಚ್ಚಿದ ಕ್ಷಣದಲ್ಲಿ ಎಲ್ಲ ಉಪಕರಣಗಳು ಸುಟ್ಟುಹೋದದ್ದುಂಟು. ಸಾಕೆಟ್ಟಿನಲ್ಲಿ 120 ಇದೆಯೇ ಎಂದು ಮೀಟರಿನಿಂದ ಅಳೆಯದೆ ಪ್ಲಗ್ ಹಾಕಬಾರದು. ಟ್ರೇಲರಿನ ಒಳಗಿನ ಫಲಕದಲ್ಲಿ ನ್ಯೂಟ್ರಲ್ ಮತ್ತು ಅರ್ಥಿಂಗ್ ತಂತಿಗಳನ್ನು ಒಂದಕ್ಕೊಂದು ಸೇರಿಸಲೂಬಾರದು. ಸೇರಿಸಿದರೆ ಹೊರಮೈಯ ಲೋಹಕ್ಕೆ ವಿದ್ಯುತ್ತು ಹರಿಯುವ ಅಪಾಯವಿದೆ.

ಗ್ಯಾಸು, ಫ್ರಿಜ್, ನೀರು

ಅಮೆರಿಕದ ಟ್ರೇಲರ್‌ಗಳ ಪ್ರೊಪೇನ್ ಜಾಲ 11 ಇಂಚು ನೀರಿನ ಮಟ್ಟದಷ್ಟು, ಅಂದರೆ ಸುಮಾರು 27 ಮಿಲಿಬಾರ್, ಒತ್ತಡದಲ್ಲಿ ನಡೆಯುತ್ತದೆ. ಕಡಿಮೆ ಒತ್ತಡವೆಂದು ಉದಾಸೀನ ಸಲ್ಲದು. ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಸಂಗ್ರಹವಾಗುತ್ತದೆ. ಗ್ಯಾಸು ಪತ್ತೆಯ ಅಲಾರಂ ಕೆಳಗಡೆ ಇರುವುದು ಅದಕ್ಕಾಗಿ. ಈ ಅಲಾರಮ್ಮಿಗೂ ಆಯಸ್ಸಿದೆ, ಐದರಿಂದ ಏಳು ವರ್ಷಕ್ಕೆ ಬದಲಿಸಬೇಕು. ಮಾಲೀಕರು ಮಾಡಬಹುದಾದದ್ದು ಸೋಪಿನ ನೀರಿನ ಪರೀಕ್ಷೆ, ರೆಗ್ಯುಲೇಟರ್ ಮತ್ತು ಸಿಲಿಂಡರಿನ ರಬ್ಬರ್ ಕೊಳವೆಗಳ ಬದಲಾವಣೆ. ಒಳಗಿನ ತಾಮ್ರದ ಕೊಳವೆಯ ಮಾರ್ಗ ಬದಲಿಸುವುದನ್ನು ಅರ್ಹ ಗ್ಯಾಸು ತಂತ್ರಜ್ಞರಿಗೇ ಬಿಡಬೇಕು.

ಗ್ಯಾಸಿನಿಂದ ತಂಪಾಗುವ ಫ್ರಿಜ್ಜಿನ ತತ್ವವನ್ನು 1922ರಲ್ಲಿ ಸ್ವೀಡನ್ನಿನ ವಿದ್ಯಾರ್ಥಿಗಳಾದ ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್ ರೂಪಿಸಿದರು. ಅಮೋನಿಯ, ನೀರು, ಹೈಡ್ರೋಜನ್ ಮೂರೂ ಮುಚ್ಚಿದ ಕೊಳವೆಯೊಳಗೆ ಶಾಖದಿಂದಲೇ ಸುತ್ತುತ್ತವೆ, ಚಲಿಸುವ ಭಾಗ ಒಂದೂ ಇಲ್ಲ. ದ್ರವ ಇಳಿಜಾರಿನಲ್ಲಿ ಹರಿದು ಬರಬೇಕಾದ್ದರಿಂದ ಟ್ರೇಲರ್ ಓರೆಯಾಗಿ ನಿಂತಿದ್ದರೆ ಇದು ಕೆಲಸ ಮಾಡದು, ಕೊಳವೆಯೂ ಕೆಡುತ್ತದೆ. ಹಿಂಬದಿಯಲ್ಲಿ ಹಳದಿ ಪುಡಿ, ಅಮೋನಿಯದ ಘಾಟು ಕಂಡುಬಂದರೆ ಕೂಡಲೆ ಆರಿಸಬೇಕು. ಸೌರಫಲಕ, ಲಿಥಿಯಂ ಬ್ಯಾಟರಿ ಹಾಕಿಸಿಕೊಂಡವರು ಈಗ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜಿಗೆ ಹೊರಳುತ್ತಿದ್ದಾರೆ.

ನೀರಿನ ಕೊಳವೆಗಳಿಗೆ ದೊಡ್ಡ ಶತ್ರು ಚಳಿಗಾಲ. ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಸುಮಾರು ಶೇ. 9ರಷ್ಟು ಹಿಗ್ಗಿ ಪಂಪು, ನಲ್ಲಿಗಳನ್ನು ಸೀಳುತ್ತದೆ. ಚಳಿಗೆ ಮುಂಚೆ ಬಾಯ್ಲರ್ ಬರಿದು ಮಾಡಿ, ಕೊಳವೆಗಳಿಗೆ ಪ್ರೊಪಿಲೀನ್ ಗ್ಲೈಕಾಲಿನ ಗುಲಾಬಿ ದ್ರಾವಣ ತುಂಬುತ್ತಾರೆ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಕುಡಿಯುವ ನೀರಿನ ಕೊಳವೆಗೆ ಅದು ಸೋಕಲೇಬಾರದು.

ಒಳಾಂಗಣ ಮತ್ತು ತೂಕ

ಒಳಗಿನ ಕೆಲಸದಲ್ಲಿ ಪ್ಲೈವುಡ್ಡಿನ ಆಯ್ಕೆಗೆ ಆರೋಗ್ಯದ ಮುಖವೂ ಇದೆ. 2005ರ ಕತ್ರೀನಾ ಚಂಡಮಾರುತದ ನಿರಾಶ್ರಿತರಿಗೆ ಅಮೆರಿಕ ಸರ್ಕಾರ ಕೊಟ್ಟ ಟ್ರೇಲರ್‌ಗಳಲ್ಲಿ ಕಣ್ಣುರಿ, ಉಸಿರಾಟದ ತೊಂದರೆಯ ದೂರುಗಳು ಬಂದವು. ರೋಗ ನಿಯಂತ್ರಣ ಕೇಂದ್ರ ಜನವಾಸವಿದ್ದ 519 ಟ್ರೇಲರ್‌ಗಳನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಸರಾಸರಿ ನೂರು ಕೋಟಿ ಭಾಗಗಳಿಗೆ 77 ಭಾಗದಷ್ಟಿತ್ತು. ಅಗ್ಗದ ಪಾರ್ಟಿಕಲ್ ಬೋರ್ಡಿನ ಅಂಟು ಇದರ ಮುಖ್ಯ ಮೂಲಗಳಲ್ಲೊಂದು. ಕಡಿಮೆ ಫಾರ್ಮಾಲ್ಡಿಹೈಡಿನ ಪ್ಲೈವುಡ್ಡಿಗೆ ಸ್ವಲ್ಪ ಹೆಚ್ಚು ಹಣ ತೆರುವುದು ಸಾರ್ಥಕ, ಮಕ್ಕಳು ಮಲಗುವ ಇಕ್ಕಟ್ಟಿನ ಕೋಣೆಯಲ್ಲಂತೂ ಅಗತ್ಯ.

ಸುಂದರ ಹಲಗೆ, ಕಲ್ಲಿನ ಕಟ್ಟೆ, ಹೆಚ್ಚುವರಿ ಟ್ಯಾಂಕು ಎನ್ನುತ್ತ ಹೋದಂತೆ ತೂಕ ಏರುತ್ತದೆ. ತಯಾರಕರು ಫಲಕದಲ್ಲಿ ಬರೆದ ಗರಿಷ್ಠ ತೂಕ ದಪ್ಪ ಆಕ್ಸಲ್ ಹಾಕಿದ ಮಾತ್ರಕ್ಕೆ ಹೆಚ್ಚುವುದಿಲ್ಲ. ತೂಕದ ಹಂಚಿಕೆ ಇನ್ನೂ ಮುಖ್ಯ. ಅಮೆರಿಕದ ಪದ್ಧತಿಯಲ್ಲಿ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕಾರಿಗೆ ಜೋಡಿಸುವ ಕೊಂಡಿಯ ಮೇಲೆ ಬೀಳಬೇಕು, ಬ್ರಿಟನ್ನಿನಲ್ಲಿ ಶೇ. 5ರಿಂದ 7. ಹಿಂಬದಿಯಲ್ಲಿ ಸೈಕಲ್ ಸ್ಟ್ಯಾಂಡು, ಪೆಟ್ಟಿಗೆ ಬೆಸೆದು ಕೊಂಡಿಯ ಭಾರ ಕಡಿಮೆಯಾದರೆ ಟ್ರೇಲರ್ ವೇಗದಲ್ಲಿ ಅತ್ತಿತ್ತ ಓಲಾಡತೊಡಗಿ ಎಳೆಯುವ ಕಾರನ್ನೂ ಉರುಳಿಸಬಲ್ಲದು. ದೊಡ್ಡ ಕೆಲಸ ಮುಗಿದ ಮೇಲೆ ಹೆದ್ದಾರಿ ಬದಿಯ ಲಾರಿ ತೂಕದಕಟ್ಟೆಯಲ್ಲಿ ನೀರು, ಸಾಮಾನು ತುಂಬಿದ ಸ್ಥಿತಿಯಲ್ಲೇ ತೂಗಿಸಿ, ಆಕ್ಸಲ್ ಮತ್ತು ಕೊಂಡಿಯ ಅಂಕಿಗಳನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುತ್ತಾರೆ.